ಕರಬೂಜಕ್ಕೆ ದಿನಕ್ಕೊಂದು ಚಿಪ್ಪು ಗೊಬ್ಬರ

ಒಂದು ಕಾಡಿನ ಹೊಳೆದಂಡೆಯ ಮರಳಿನಲ್ಲಿ ಕರಡಿಯಜ್ಜ ಕರಬೂಜ ಬೆಳೆಯುತ್ತಿದ್ದ. ಮೇಲಿನ ಒರತೆಯಿಂದ ಪಾತಿಗೊಂದು ಬಿದಿರಿನ ಕೊಳವೆಯಲ್ಲಿ ನೀರು ಇಳಿಯುತ್ತಿತ್ತು. ಕೊಳವೆಗೆ ಸಣ್ಣ ಸಣ್ಣ ತೂತು. ಪ್ರತಿ ಬಳ್ಳಿಯ ಬುಡಕ್ಕೂ ತೊಟ್ಟು ತೊಟ್ಟಾಗಿ ನೀರು. ಒಂದು ವರ್ಷ ಅಜ್ಜನಿಗೆ ಸೊಂಟ ಹಿಡಿದುಕೊಂಡಿತು. ಅವನು ಮೊಲಕ್ಕನನ್ನೂ ಉದ್ದ ಬಾಲದ ಮುಸುವನನ್ನೂ ಕರೆಸಿದ.

"ಒಬ್ಬೊಬ್ಬರು ಒಂದೊಂದು ಪಾತಿ ತಗೊಳ್ಳಿ. ಯಾರ ಪಾತಿಯಲ್ಲಿ ಒಳ್ಳೆ ಫಸಲು ಬರುತ್ತೋ, ಈ ಮರಳೂ ಈ ನೀರೂ ಅವರಿಗೇ."

ಮೊಲಕ್ಕನಿಗೆ ನಾಲ್ಕು ಮರಿ. ಅವಳ ಪೊದೆಯ ಕಡೆ ಬೇಸಿಗೆಯಲ್ಲಿ ಹಸಿ ಹುಲ್ಲೂ ಇಲ್ಲ, ನೀರೂ ಇಲ್ಲ. ಈ ಜಾಗ ಸಿಗದಿದ್ದರೆ ಮರಿಗಳು ಉಳಿಯುವುದು ಕಷ್ಟವಿತ್ತು. ಮುಸುವನಿಗೆ ಅಂಥ ಕಷ್ಟವೇನೂ ಇರಲಿಲ್ಲ. ಎಲ್ಲ ತನಗೇ ಬೇಕು, ಅಷ್ಟೇ.

ಅಜ್ಜ ಒಂದು ದೊಡ್ಡ ಗಡಿಗೆಯಲ್ಲಿ ಆನೆ ಲದ್ದಿಯನ್ನೂ ಹೊಂಗೆ ಹಿಂಡಿಯನ್ನೂ ನೆನೆಸಿಟ್ಟಿದ್ದ. "ನೀರು ಬಿಡುವಾಗ ಒಂದು ಪಾತಿಗೆ ದಿನಕ್ಕೊಂದು ತೆಂಗಿನ ಚಿಪ್ಪಿನಷ್ಟು ಇದನ್ನ ಕೊಳವೆಗೆ ಹಾಕಿ. ಹೆಚ್ಚಿಗೆ ಬೇಡ. ಹಣ್ಣಾದಾಗ ಬರ್ತೀನಿ," ಎಂದು ದೂರದ ಗುಹೆಗೆ ಹೋದ.

"ನೀನು ಗಡಿಗೆ ಎತ್ತಬೇಡ ಮೊಲಕ್ಕ, ಕಾಲ ಮೇಲೆ ಬಿದ್ದೀತು. ಇಬ್ಬರಿಗೂ ನಾನೇ ಹಾಕ್ತೀನಿ," ಅಂದ ಮುಸುವ. ಎಂಥ ಕಾಳಜಿ ನೋಡಿ! ಮೊಲಕ್ಕನ ಕೊಳವೆಗೆ ಬರೀ ನೀರು ಬಿಟ್ಟ. ತನ್ನ ಕೊಳವೆಗೆ ದಿನಾ ನಾಲ್ಕು ಚಿಪ್ಪು ಸುರಿದ.

ಕೆಲವು ದಿನಗಳಲ್ಲೇ ಮುಸುವನ ಬಳ್ಳಿ ಪಾತಿ ದಾಟಿ ಹಬ್ಬಿತು. ಮೊಲಕ್ಕನ ಬಳ್ಳಿ ಹಳದಿಗೆ ತಿರುಗಿತು.

"ಅಣ್ಣಾ, ನನ್ನ ಕಡೆ ನೀರು ತಿಳಿಯಾಗೇ ಬರ್ತಿದೆಯಲ್ಲ?" ಎಂದು ಅವಳು ಕೇಳಿದಳು.

"ಅಯ್ಯೋ ಪೆದ್ದಿ, ಬಿದಿರು ಸೋಸಿಬಿಡುತ್ತೆ ಕಣೇ!"

ಮೊಲಕ್ಕನಿಗೆ ಎಲ್ಲ ಅರ್ಥವಾಯಿತು. ಅಳು ಬಂತು. ಮುಸುವನ ಜೊತೆ ಗುದ್ದಾಡುವ ಬಲ ಅವಳಿಗೆಲ್ಲಿ? ಪೊದೆಗೆ ಬಂದು ನೋಡಿದರೆ ನಾಲ್ಕು ಮರಿಗಳ ಹಿಕ್ಕೆ ರಾಶಿಯಾಗಿ ಬಿದ್ದಿತ್ತು. "ಥತ್, ಗೊಬ್ಬರ ಮನೆಯಲ್ಲೇ ಇದೆಯಲ್ಲ!" ಅಂದಳು. ಹಿಕ್ಕೆಯನ್ನು ನೆನೆಸಿ, ಸೋಸಿ, ಮುಸುವ ಆಚೆ ಹೋದ ಮೇಲೆ ನೀರಿನ ಜೊತೆ ದಿನಕ್ಕೊಂದೇ ಚಿಪ್ಪು ಬಿಟ್ಟಳು. ಎಲೆ ಹಸಿರಾಯಿತು. ಹೂವು ಬಂತು. ಹೀಚು ನಿಂತಿತು.

ಮುಸುವನ ಪಾತಿಯಲ್ಲಿ ಎಲೆಯೋ ಎಲೆ. ಹೀಚು ಮಾತ್ರ ಎರಡೋ ಮೂರೋ. ಅವನಿಗೆ ಗಾಬರಿಯಾಯಿತು. ಇನ್ನೂ ಸಾಲದೇನೋ ಎಂದುಕೊಂಡು ಗಡಿಗೆಯನ್ನೇ ಕೊಳವೆಗೆ ಬಗ್ಗಿಸಿಬಿಟ್ಟ. ಮೂರು ದಿನದಲ್ಲಿ ಎಲೆಯ ಅಂಚು ಸುಟ್ಟಿತು, ಬಳ್ಳಿ ಬಾಡಿ ಮಲಗಿತು.

ಕರಡಿಯಜ್ಜ ಬಂದ. ಮೊಲಕ್ಕನ ಪಾತಿಯಲ್ಲಿ ಬಳ್ಳಿಗೆ ಎರಡು ಮೂರು ಹಣ್ಣು, ದಂಡೆಯೆಲ್ಲ ಘಮಘಮ. ಅಜ್ಜ ಒಂದು ಹಣ್ಣು ಸೀಳಿ ತಿಂದು ತಲೆದೂಗಿದ. ಮುಸುವನಿಗೆ ತಡೆಯಲಾಗಲಿಲ್ಲ.

"ಮೋಸ! ಅವಳ ಪಾತಿಗೆ ನಾನು ಒಂದು ತೊಟ್ಟೂ ಗೊಬ್ಬರ ಹಾಕಿಲ್ಲ! ಅಷ್ಟನ್ನೂ ನನ್ನ ಬಳ್ಳಿಗೇ ಸುರಿದಿದ್ದೀನಿ! ಹಣ್ಣು ಹೇಗೆ ಬಂತು?"

ಹೇಳಿಯಾದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಒಬ್ಬರ ಬಳ್ಳಿಯನ್ನ ಉಪವಾಸ ಕೆಡವಿದೆ, ನಿನ್ನದಕ್ಕೆ ತುರುಕಿ ತುರುಕಿ ಕೊಂದೆ. ನಡಿಯೋ ಆಚೆ!" ಎಂದು ಅಜ್ಜ ಗದರಿದ. ಮುಸುವ ಬಾಲ ಎಳೆದುಕೊಂಡು ಮರ ಹತ್ತಿದ. ಅಂದು ಸಂಜೆಯೇ ಮೊಲಕ್ಕ ನಾಲ್ಕೂ ಮರಿಗಳನ್ನು ಹೊಳೆದಂಡೆಗೆ ಕರೆತಂದಳು. ಅವು ಹೊಟ್ಟೆ ತುಂಬ ನೀರು ಕುಡಿದವು.

ನೀತಿ: ಬೇಕಾದಷ್ಟನ್ನೇ ದಿನವೂ ಕೊಟ್ಟವರಿಗೆ ಫಸಲು ಸಿಗುತ್ತದೆ, ಇನ್ನೊಬ್ಬರ ಪಾಲನ್ನೂ ಕಿತ್ತು ಸುರಿದುಕೊಂಡವರಿಗೆ ತಮ್ಮದೂ ಉಳಿಯುವುದಿಲ್ಲ.