ಗಂಜಿ ಹಾಕಿದ ಲಂಗೋಟಿ

ಮುತ್ತಲಮಡ್ಡಿಯ ಪರಮಪೂಜ್ಯ ಶ್ರೀ ನಿರ್ವಾಣಯ್ಯ ಶಿವಯೋಗಿಗಳ ದರ್ಶನಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಗದ್ದುಗೆಯೂ ಅಲ್ಲ, ಗಂಟೆಯೂ ಅಲ್ಲ. ಅಂಗಳದ ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದ ಹಸುಗೂಸುಗಳ ಲಂಗೋಟಿ. ಮಣ್ಣಿನ ಗೋಡೆಯ ಆ ಸಣ್ಣ ಮಠದ ಪಡಸಾಲೆಯಲ್ಲಿ, ಹಳೆಯ ಕಂಬಳಿಯ ಮೇಲೆ ಕುಳಿತು ಶ್ರೀಗಳು ಹೊಲಿಯುತ್ತಿದ್ದರು. ನಾಲಿಗೆಯ ಮೇಲೆ ಪಂಚಾಕ್ಷರಿ, ಕೈಯಲ್ಲಿ ಸೂಜಿ. ಊರವರು ಅವರನ್ನು ಅಜ್ಜನವರು ಎಂದೇ ಕರೆಯುತ್ತಿದ್ದರು. ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲ ಲಂಗೋಟಿಗಳ ಗಂಟು ಮಠದಿಂದಲೇ ಹೋಗಬೇಕು. ಅದು ಅಜ್ಜನವರು ಹಾಕಿಕೊಟ್ಟ ಪದ್ಧತಿ.

ಭಕ್ತರು ತಂದುಕೊಡುತ್ತಿದ್ದ ಹಳೆಯ ಬಟ್ಟೆಗಳನ್ನೆಲ್ಲ ಅಜ್ಜನವರು ಹಾಗೆಯೇ ಹೊಲಿಯುತ್ತಿರಲಿಲ್ಲ. ಪ್ರತಿ ಬಟ್ಟೆಯ ಮೇಲೂ ಗಿಂಡಿಯಿಂದ ಒಂದು ಹನಿ ನೀರು ಹಾಕಿ ನೋಡುವರು. ಹನಿ ಹಾಕಿದ ಕೂಡಲೇ ಇಂಗಿತೋ, ಅದು ಕೂಸಿನ ಮೈಗೆ ತಾಗುವ ಪದರ. ತುಸು ತಡೆದು ಇಂಗಿತೋ, ಅದು ಒಳಗೆ ಮಡಿಸಿ ಇಡುವ ಪದರ. ಇಂಗದೇ ನಿಂತಿತೋ, ಅದು ರೇಷ್ಮೆಯೇ ಇರಲಿ, ಮಠದ ಕಿಟಕಿ ಒರೆಸಲಿಕ್ಕೆ. ಒಮ್ಮೆ ಯಾರೋ ಸಾಹುಕಾರರು ಭಕ್ತಿಯಿಂದ ಕೊಟ್ಟ ನೈಲಾನ್ ಸೀರೆ ನೇರವಾಗಿ ಕಿಟಕಿಗೇ ಹೋಯಿತೆಂದು ಹಿರಿಯರು ಇಂದಿಗೂ ಹೇಳಿ ನಗುತ್ತಾರೆ.

ಆ ಊರಿನಲ್ಲಿ ಮಲಕಾಜಪ್ಪನೆಂಬ ನೇಕಾರನಿದ್ದ. ಕೈಗುಣ ದೊಡ್ಡದು, ಅದಕ್ಕಿಂತ ಒಂದು ಗೇಣು ದೊಡ್ಡದು ಅವನ ಬಿಂಕ. ಅವನು ನೇಯ್ದ ಧೋತರವೆಂದರೆ ಅಂಚಿನಲ್ಲಿ ಜೋಡಿ ಕೆಂಪೆಳೆ ಇರಲೇಬೇಕು. ನೆಲಕ್ಕೆ ಇಟ್ಟರೆ ಧೋತರ ತಾನೇ ಎದ್ದು ನಿಲ್ಲಬೇಕು, ಅಷ್ಟು ಗಂಜಿ! ಉಟ್ಟು ಹಳೆಯದಾದ ಬಟ್ಟೆ ಅವನ ಮನೆಯಲ್ಲಿ ಒಂದು ದಿನ ಉಳಿಯುತ್ತಿರಲಿಲ್ಲ. ಸ್ಟೀಲಿನ ಪಾತ್ರೆ ಮಾರುವವಳು ಬಂದಾಗ ಎಲ್ಲವೂ ಅವಳ ಬುಟ್ಟಿಗೆ. ಹೀಗಾಗಿ ಅವನ ಅಡುಗೆಮನೆಯಲ್ಲಿ ಪಾತ್ರೆಗಳು ಪಳಪಳ ಹೊಳೆಯುತ್ತಿದ್ದವು, ಒಂದು ಚಿಂದಿ ಬೇಕೆಂದರೆ ಇರಲಿಲ್ಲ.

ಪಾಪ, ಅವನ ಎದೆಯಲ್ಲಿ ಒಂದು ನೋವಿತ್ತು. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳು ಸುಗಲವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ, ತಾಯಿ ಇಲ್ಲದ ತವರಿನಲ್ಲಿ ಏನು ಬಾಣಂತನ ಆದೀತು ಎಂದು ಬೀಗರ ಕಡೆಯವರು ಒಂದು ಮಾತು ಅಂದುಬಿಟ್ಟಿದ್ದರು. ಆ ಮಾತು ಮಲಕಾಜಪ್ಪನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ತಾನೇ ತಾಯಿ, ತಾನೇ ತಂದೆ, ಯಾವುದಕ್ಕೂ ಕೊರತೆ ಮಾಡಲಾರೆ ಎಂದು ಹಟ ಹಿಡಿದ. ಅಕ್ಕ ಕಲ್ಲವ್ವನನ್ನು ಬಾಣಂತನಕ್ಕೆ ಕರೆಸಿಕೊಂಡ. ಹೆಣ್ಣುಕೂಸು ಹುಟ್ಟಿತು, ಚಿನ್ನದಂಥ ಕೂಸು.

ರೂಢಿಯಂತೆ ಮಠದಿಂದ ಗಂಟು ಬಂತು. ಮಲಕಾಜಪ್ಪ ಬಿಚ್ಚಿ ನೋಡಿದ. ಯಾರದೋ ಹಳೆಯ ಪಂಚೆ, ಯಾರದೋ ಸವೆದ ಸೀರೆ. ಅವನಿಗೆ ಮೈಯೆಲ್ಲ ಉರಿಯಿತು. ನೇಕಾರನ ಮೊಮ್ಮಗಳಿಗೆ ಯಾವ ಹಮಾಲನ ಮೈಮೇಲಿನ ಅರಿವೆಯೋ ಏನೋ, ತನಗೆ ಬೇಡವೆಂದು ಬೀದಿಯ ಮಂದಿಯೆಲ್ಲ ಕೇಳುವಂತೆ ಹೇಳಿ ಗಂಟನ್ನು ಹಿಂದಕ್ಕೆ ಕಳಿಸಿಬಿಟ್ಟ. ಬೀದಿಯಲ್ಲಿ ಆಗ ಹಮಾಲ ಗದಿಗೆಪ್ಪ ಜೋಳದ ಚೀಲ ಹೊತ್ತು ಹೋಗುತ್ತಿದ್ದ. ಕೇಳಿದ, ತಲೆ ತಗ್ಗಿಸಿ ನಡೆದ.

ಹಿಂದಕ್ಕೆ ಬಂದ ಗಂಟನ್ನು ಅಜ್ಜನವರು ನೋಡಿದರು. ಅದೇ ದಿನ ಇನ್ನೊಂದು ಮನೆಯಲ್ಲಿ ಹುಟ್ಟಿದ ಕೂಸಿಗೆ ಅದನ್ನು ಕಳಿಸಿಕೊಟ್ಟು ಮತ್ತೆ ಸೂಜಿಗೆ ದಾರ ಪೋಣಿಸಿದರು.

ಇತ್ತ ಮಲಕಾಜಪ್ಪ ಮೊಮ್ಮಗಳಿಗೆಂದೇ ಮಗ್ಗ ಹೂಡಿದ. ದಪ್ಪ ನೂಲು, ಬಿಗಿ ನೇಯ್ಗೆ, ಅಂಚಿಗೆ ಜೋಡಿ ಕೆಂಪೆಳೆ. ತಾನೇ ಕತ್ತರಿಸಿ ತಾನೇ ಹೊಲಿದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ತೊಳೆದಾಗ ಬಟ್ಟೆ ಮೆತ್ತಗಾಗಿ ಜೋತುಬಿತ್ತು. ನೇಕಾರನ ಕಣ್ಣಿಗೆ ಜೋತುಬಿದ್ದ ಬಟ್ಟೆ ಎಂದರೆ ಮರ್ಯಾದೆ ಹೋದ ಬಟ್ಟೆ. ಪ್ರತಿ ಸಲ ತೊಳೆದ ಮೇಲೂ ಗಂಜಿ ಹಾಕಿ ಒಣಗಿಸಬೇಕೆಂದು ಅಕ್ಕನಿಗೆ ಕಟ್ಟಪ್ಪಣೆ ಮಾಡಿದ. ಹೀಗೆ ಆ ಎಳೆಯ ಕೂಸಿನ ನಡುವಿಗೆ ಹಪ್ಪಳದಂಥ ಲಂಗೋಟಿ ಬಂದು ಕುಳಿತಿತು.

ಕೂಸು ಅತ್ತಿತು. ಅತ್ತಿತೆಂದರೆ ಅಂತಿಂಥ ಅಳುವಲ್ಲ. ಓಣಿಯ ಮಗ್ಗಗಳ ಸದ್ದೂ ಅಡಗಬೇಕು, ಅಂಥ ಅಳು. ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಹೊಟ್ಟೆನೋವೆಂದು ಹೊಕ್ಕುಳ ಸುತ್ತ ಹಿಂಗು ಹಚ್ಚಿದರು. ಕೂಸಿನ ತೊಡೆಯೆಲ್ಲ ಕೆಂಪಗಾಗಿದ್ದುದನ್ನು ಕಲ್ಲವ್ವ ತೋರಿಸಿದರೆ, ಉಷ್ಣ ಎಂದು ಮಲಕಾಜಪ್ಪ ಮುಖ ತಿರುಗಿಸಿದ. ತನ್ನ ಬಟ್ಟೆಯ ಮೇಲೆ ಅವನಿಗೆ ಅನುಮಾನ ಬರುವುದಾದರೂ ಹೇಗೆ? ಅತ್ತೂ ಅತ್ತೂ ಕೂಸು ಹಾಲು ಬಿಟ್ಟಿತು. ಅದನ್ನು ನೋಡಿ ಸುಗಲವ್ವ ಅನ್ನ ಬಿಟ್ಟಳು. ಕೂಸು ಹೀಗೆಯೇ ಸೊರಗಿದರೆ ತನ್ನನ್ನು ಗಂಡನ ಮನೆಗೆ ಕಳಿಸಿಬಿಡೆಂದು ಅವಳು ಅಪ್ಪನ ಮುಂದೆ ಕಣ್ಣೀರು ಹಾಕಿದ ದಿನ, ಮಲಕಾಜಪ್ಪನ ಬಿಂಕ ಅರ್ಧ ಇಳಿಯಿತು. ತಾಯತವಾದರೂ ಕಟ್ಟಿಸೋಣವೆಂದು ಮಠದ ದಾರಿ ಹಿಡಿದ.

ಮಠದ ಅಂಗಳದಲ್ಲಿ ನಾಲ್ಕಾರು ಹೆಂಗಸರು ದಾಸೋಹದ ಜೋಳ ಹಸನು ಮಾಡುತ್ತಿದ್ದರು. ಮಲಕಾಜಪ್ಪ ಅವರನ್ನು ನೋಡದವನಂತೆ ದಾಟಿ, ಅಜ್ಜನವರ ಪಾದಕ್ಕೆರಗಿ, ಕೂಸಿಗೆ ಬಾಲಗ್ರಹ ಹಿಡಿದಿದೆ, ಮಂತ್ರಿಸಿದ ತಾಯತ ದಯಪಾಲಿಸಬೇಕೆಂದು ಬೇಡಿಕೊಂಡ. ಮಂತ್ರಿಸಲಿಕ್ಕೆಂದು ಕೂಸಿನದೊಂದು ಲಂಗೋಟಿಯನ್ನೂ ತಂದಿದ್ದ.

ಅಜ್ಜನವರು ಲಂಗೋಟಿಯನ್ನು ಕೈಗೆ ತೆಗೆದುಕೊಂಡರು. ಅದು ಮಡಿಸಿದ ಹಾಗೆಯೇ ಸೆಟೆದು ನಿಂತಿತ್ತು. ಗಿಂಡಿಯಿಂದ ಒಂದು ಹನಿ ಹಾಕಿದರು. ಹನಿ ತಾವರೆ ಎಲೆಯ ಮೇಲೆ ನಿಂತಂತೆ ನಿಂತಿತು. ಅಜ್ಜನವರ ಮುಖದಲ್ಲಿ ನಗು ಕಾಣಿಸಿತೋ ಇಲ್ಲವೋ, ಅಂತೂ ಹೀಗೆ ಅಪ್ಪಣೆ ಕೊಡಿಸಿದರು:

"ತಾಯತ ಕೊಡ್ತೀನಪ್ಪಾ. ಅದಕ್ಕಿಂತ ಮೊದಲ ಇಂಥಾದ್ದೊಂದು ದೊಡ್ಡದು ನಿನ್ನ ನಡಕ್ಕ ಕಟ್ಟಿಕೊಂಡು, ನೀರು ಹೊಯ್ಕೊಂಡು, ಸಂಜಿತನಕ ಮಠದ ಅಂಗಳದ ಕಸಾ ಹೊಡಿ."

ವ್ರತವೆಂದರೆ ವ್ರತ ಎಂದುಕೊಂಡ ಮಲಕಾಜಪ್ಪ. ಮನೆಯಿಂದ ಮೊಮ್ಮಗಳಿಗೆ ನೇಯ್ದ ಥಾನಿನದೇ ಗಂಜಿ ಹಾಕಿದ ತುಂಡು ತಂದು, ಲಂಗೋಟಿ ಹಾಕಿ, ಅದರ ಮೇಲೆ ಒಂದು ಕೊಡ ನೀರು ಸುರಿದುಕೊಂಡು, ಧೋತರ ಉಟ್ಟು ಕಸಬರಿಗೆ ಹಿಡಿದ. ಅಂಗಳದ ಒಂದು ಮೂಲೆ ಗುಡಿಸುವಷ್ಟರಲ್ಲಿ ತುರಿಕೆ ಶುರುವಾಯಿತು. ಎರಡನೆಯ ಮೂಲೆಗೆ ಬಂದಾಗ ಉರಿ. ಮೂರನೆಯ ಮೂಲೆಗೆ ಅವನು ಬಂದ ನಡಿಗೆ ನೋಡಿ ಜೋಳ ಹಸನು ಮಾಡುತ್ತಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಹೊಸದಾಗಿ ಕುದುರೆ ಸವಾರಿ ಕಲಿತವನ ಹಾಗೆ ಕಾಲು ಅಗಲಿಸಿ ಬರುತ್ತಿದ್ದ. ಬಿಸಿಲು ಏರಿದಂತೆ ಬಟ್ಟೆ ಒಣಗಿತು, ಒಣಗಿದ ಗಂಜಿ ಇನ್ನಷ್ಟು ಬಿಗಿಯಿತು. ಅವನಿಗೆ ಆಗ ಕೂಸಿನ ಅಳು ನೆನಪಾಯಿತು. ಆ ಅಳುವಿನ ಅರ್ಥ ಈಗ ತೊಡೆಯಿಂದಲೇ ತಿಳಿಯುತ್ತಿತ್ತು. ಕಸಬರಿಗೆ ಕೈಯಿಂದ ಜಾರಿಬಿತ್ತು, ಕಣ್ಣು ತುಂಬಿತು.

ನಡು ಹಗಲೂ ಆಗಿರಲಿಲ್ಲ. ಅಜ್ಜನವರ ಮುಂದೆ ಬಂದು ನಿಂತ, ಕೂರುವ ಸ್ಥಿತಿಯಲ್ಲಿರಲಿಲ್ಲ.

"ತಾಯತ ಬ್ಯಾಡ್ರಿ ಅಜ್ಜಾರ," ಎಂದ.

ತಾನು ಅಜ್ಜ ಅಲ್ಲ, ಕಟುಕ ಎಂದು ಬಿಕ್ಕಿದ. ಮಗ್ಗಕ್ಕೆ ಬೆಂಕಿ ಹಚ್ಚುತ್ತೇನೆಂದೂ ಅಂದ. ಅಜ್ಜನವರು ಕೈ ಎತ್ತಿ ತಡೆದರು. "ನಿನ್ನ ಅರಿವಿ ಕೆಟ್ಟದ್ದಲ್ಲೋ ಮಲಕಾಜಪ್ಪ. ಇನ್ನೂ ಎಳೇದು. ಕೂಸಿಗಿಂತಾ ಎಳೇದು," ಎಂದು, ಆಗಷ್ಟೇ ಹೊಲಿದು ಮುಗಿಸಿದ್ದ ಲಂಗೋಟಿಯನ್ನು ಅವನ ಕೈಯಲ್ಲಿಟ್ಟರು. ಇವತ್ತು ಕೂಸನ್ನು ಕೊಬ್ಬರಿ ಎಣ್ಣೆ ಹಚ್ಚಿ ಬರಿಮೈಯಲ್ಲೇ ಮಲಗಿಸಬೇಕು, ಕತ್ತಲಾದ ಮೇಲೆ ಇದೊಂದನ್ನು ಕಟ್ಟಬೇಕು. ಉಳಿದವಕ್ಕೆ ಬಟ್ಟೆಯನ್ನು ಅವನೇ ಐದು ಮನೆಗಳಲ್ಲಿ ಜೋಳಿಗೆ ಒಡ್ಡಿ ತರಬೇಕು. ಐದನೆಯದು ಹಮಾಲ ಗದಿಗೆಪ್ಪನ ಮನೆಯೇ ಆಗಬೇಕು. ಇಷ್ಟು ಹೇಳಿ ಅಜ್ಜನವರು ಕಣ್ಣು ಮುಚ್ಚಿದರು.

ಗದಿಗೆಪ್ಪನ ಹೆಸರು ಕೇಳಿ ಮಲಕಾಜಪ್ಪ ತಲೆ ತಗ್ಗಿಸಿದ. ಅವತ್ತು ಬೀದಿಯಲ್ಲಿ ಆಡಿದ ಮಾತು ಅಜ್ಜನವರ ಕಿವಿಗೆ ಹೇಗೆ ಬಿತ್ತೋ, ಶಿವನೇ ಬಲ್ಲ.

ಮರುದಿನ ಬೆಳಿಗ್ಗೆ ಜೋಳಿಗೆ ಹೆಗಲಿಗೇರಿತು. ಮೊದಲ ಮನೆಯವರು, ಹೊಸ ಧೋತರ ಮಾರಲು ಬಂದೆಯೋ ಹಳೆಯದು ಕೊಳ್ಳಲು ಬಂದೆಯೋ ಎಂದು ಕಾಲೆಳೆದರು. ಎರಡನೆಯ ಮನೆಯ ಮುದುಕಿ, ಪಾತ್ರೆಯವಳಿಗೆ ಇಟ್ಟಿದ್ದೇನೆ, ನಿನಗೆ ಕೊಟ್ಟರೆ ಒಂದು ಬೋಗುಣಿ ಕೊಡುತ್ತೀಯೇನು ಎಂದು ಕೇಳಿ, ನಕ್ಕು, ಎರಡು ಸೀರೆ ಹಾಕಿದಳು. ಅವನು ಎಲ್ಲವನ್ನೂ ನುಂಗಿಕೊಂಡ. ನಾಲ್ಕು ಮನೆ ಮುಗಿಯುವಷ್ಟರಲ್ಲಿ ಮಂದಿಯ ಮಾತು ಅಷ್ಟೇನೂ ಕಹಿ ಅನ್ನಿಸಲಿಲ್ಲ.

ಐದನೆಯದು ಗದಿಗೆಪ್ಪನ ಬಾಗಿಲು. ಜೋಳಿಗೆ ಒಡ್ಡಿ ನಿಂತ. ಗದಿಗೆಪ್ಪ ಹೊರಗೆ ಬಂದ. ಹೆಂಡತಿ ತುಂಗವ್ವ ಒಳಗಿನಿಂದಲೇ, ಹಮಾಲನ ಮೈಮೇಲಿನ ಅರಿವೆ ನಡೆದೀತೇನೋ ಕೇಳು ಎಂದಳು. ಚುಚ್ಚುವ ಮಾತೇ, ಅದರಲ್ಲಿ ತಪ್ಪೇನಿದೆ? ಮಲಕಾಜಪ್ಪ ತಲೆಯ ಮೇಲಿನ ಪಟಗಾ ತೆಗೆದು, ತಪ್ಪಾಯಿತು ತಾಯೀ ಎಂದ. ಕೂಸು ಹಾಲು ಬಿಟ್ಟ ಸಂಗತಿ ಹೇಳಿದ. ಕೂಸಿನ ಸುದ್ದಿ ಕೇಳಿದ್ದೇ ತಡ, ತುಂಗವ್ವನ ಸಿಟ್ಟು ಎಲ್ಲಿ ಹೋಯಿತೋ. ಗಂಡ ಹೊದ್ದು ಮಲಗುತ್ತಿದ್ದ ಹಳೆಯ ಧೋತರವನ್ನೇ ತಂದು ಜೋಳಿಗೆಗೆ ಹಾಕಿದಳು.

ಮಲಕಾಜಪ್ಪ ಅದನ್ನು ಮುಟ್ಟಿ ನೋಡಿದ. ಬೆಣ್ಣೆ! ಹೀಗೂ ಒಂದು ಬಟ್ಟೆ ಇರುತ್ತದೆಯೇ ಎಂದು ಬಿಚ್ಚಿ ಬೆಳಕಿಗೆ ಹಿಡಿದ. ಅಂಚಿನಲ್ಲಿ, ಮಾಸಿ ತಿಳಿಗುಲಾಬಿಯಾಗಿದ್ದ ಜೋಡಿ ಎಳೆ.

"ಯಾಕ, ನಿನ್ನ ಕೂಸಿನ ಗುರ್ತು ಹತ್ತಲಿಲ್ಲೇನು?" ಎಂದ ಗದಿಗೆಪ್ಪ. "ನನ್ನ ಮದಿವಿ ಧೋತರ ಮಾರಾಯ. ನಿನ್ನ ಕಡಿಂದನ ತಂದದ್ದು. ಅಕ್ಕಿಕಾಳು ಬೀಳೂ ಹೊತ್ತಿಗೆ ತೊಡಿ ಸುಲದು, ನಾ ಅತ್ತದ್ದು ನೋಡಿ ಮಂದಿ ಭಾಳ ಮೆತ್ತನ್ನ ಮನಶ್ಯಾ ಅಂದ್ರು."

ಮೂವರೂ ನಕ್ಕರು. ನಗುತ್ತಲೇ ಮಲಕಾಜಪ್ಪನ ಕಣ್ಣಿಂದ ನೀರು ಇಳಿಯಿತು.

ಮಠದಲ್ಲಿ ಅಜ್ಜನವರು ಆ ಧೋತರದ ಮೇಲೆ ಹನಿ ಹಾಕಿದರು. ಹನಿ ಬಿದ್ದದ್ದು ಕಂಡಿತು, ಇದ್ದದ್ದು ಕಾಣಲಿಲ್ಲ. ಆಗ ಅವರು ಹೇಳಿದ ಮಾತನ್ನು ಮಲಕಾಜಪ್ಪ ಸಾಯುವ ತನಕ ತನ್ನ ಮಗ್ಗದ ಮುಂದೆ ಕುಳಿತವರಿಗೆಲ್ಲ ಹೇಳುತ್ತಿದ್ದ.

"ಅರಿವಿ ಅರ್ಧಾ ನೇಯೂದು ಮಗ್ಗದಾಗ. ಇನ್ನರ್ಧಾ ಮೈಮ್ಯಾಲೆ."

ಅಂದು ಅಜ್ಜನವರ ಪಕ್ಕದಲ್ಲಿ ಕುಳಿತು ಅವನು ಹೊಲಿಯಲು ಕಲಿತ. ಹೊಲಿಗೆಯ ಅಂಚು ಹೊರಗಿರಬೇಕು, ಕೂಸಿನ ಮೈಗೆ ಗಂಟು ತಾಗಬಾರದು. ಪಿನ್ನು ಬೇಡ, ಕಟ್ಟಲು ಬಟ್ಟೆಯದೇ ಕಸಿ. ಕಸಿ ಹೊಕ್ಕುಳ ಮೇಲೆ ಬರದೆ ಪಕ್ಕಕ್ಕೆ ಬರಬೇಕು. ಮೊಮ್ಮಗಳು ಹೊತ್ತುಹೊತ್ತಿಗೆ ಹಾಲು ಕುಡಿದಳು, ಸುಗಲವ್ವ ಹೊಟ್ಟೆ ತುಂಬ ಉಂಡಳು, ಓಣಿಯ ಮಗ್ಗಗಳ ಸದ್ದು ಮತ್ತೆ ಕೇಳಲಾರಂಭಿಸಿತು. ಒಂದು ದಿನ ಕೂಸು ಮಲಕಾಜಪ್ಪನ ತೊಡೆಯ ಮೇಲೆಯೇ ಉಚ್ಚೆ ಹೊಯ್ದು ಹಾಗೆಯೇ ನಿದ್ದೆ ಹೋಯಿತು. ಅಕ್ಕ ಎತ್ತಿಕೊಳ್ಳಲು ಬಂದರೆ ಅವನು ಕೈಸನ್ನೆಯಿಂದ ತಡೆದು, ಕೂಸು ಏಳುವ ತನಕ ಒದ್ದೆ ಧೋತರದಲ್ಲಿಯೇ ಕುಳಿತಿದ್ದ.

ಮುಂದೆ ಅವನು ಗದಿಗೆಪ್ಪನಿಗೆಂದು ಒಂದು ಧೋತರ ನೇಯ್ದ. ನೇಯ್ದು ಮುಗಿದರೂ ಕೊಡಲಿಲ್ಲ. ಗಂಜಿ ತೊಳೆದು ತಾನೇ ಉಟ್ಟ. ಉಟ್ಟು ಮಗ್ಗದಲ್ಲಿ ಕುಳಿತ, ಉಟ್ಟು ಮಠದ ಅಂಗಳ ಗುಡಿಸಿದ, ತೊಳೆದು ಮತ್ತೆ ಉಟ್ಟ. ದೀಪಾವಳಿಯಿಂದ ಸಂಕ್ರಾಂತಿಯ ತನಕ ಹೀಗೆಯೇ ನಡೆಯಿತು. ಕೊನೆಗೆ ಅಜ್ಜನವರ ಮುಂದಿಟ್ಟ. ಹನಿ ಹಾಕಿದರು, ಇಂಗಿತು. ಅಲ್ಲಿಂದ ಸೀದಾ ಗದಿಗೆಪ್ಪನ ಮನೆಗೆ ಹೋಗಿ, ಎರಡೂ ಕೈಯಿಂದ ಆ ಧೋತರವನ್ನು ಮುಂದೆ ಹಿಡಿದ.

"ಉಟ್ಟುಕೋ ಗದಿಗೆಪ್ಪ," ಎಂದ. "ಇದು ತೊಡಿ ಸುಲಿಯೂದಿಲ್ಲ. ಸುಲಿಯೂದೆಲ್ಲಾ ನನ್ನ ತೊಡಿ ಸುಲದಾಗೇತಿ."