ಇಳಿಯದ ತುತ್ತು

“ಕೇಳ್ರಪ್ಪೋ ಊರಿನೋರೆ! ಪುಟ್ಟಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಒಂದು ಊರು ಉಂಬಳಿ. ತಪ್ಪಿದವನಿಗೆ ತಲೆದಂಡ!”

ಹೆಗ್ಗೆರೆ ದೊರೆ ಸಾರಿಸಿದ ಡಂಗುರ ಇದು. ರಾಣಿ ತೀರಿಕೊಂಡು ಮೂರು ತಿಂಗಳಾಗಿತ್ತು. ರಾಣಿ ಒಕ್ಕಲ ಮನೆಯಿಂದ ಬಂದವಳು. ಅವಳು ಹೋದ ಮೇಲೆ ಮಗಳು ಪುಟ್ಟಮ್ಮಣ್ಣಿ ಹಾಲು ನೀರಲ್ಲೇ ಜೀವ ಹಿಡಿದಿದ್ದಳು. ಒಗಟು ಬಿಡಿಸಿದರೆ ಉಣ್ಣುತ್ತೇನೆ ಅಂದಿದ್ದಳು.

ಬೊಮ್ಮನೂ ಹೋದ. ಮನೆಮನೆಯ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಕೊಟ್ಟು ಬದುಕುವವನು.

“ತಲೆ ಹೋದೀತು ಕಣೋ,” ಅಂದ ಬಾಗಿಲ ಕಾವಲಿನವ.

“ಹೋದರೆ ಅಳೋರಿಲ್ಲ ಬಿಡಣ್ಣ.”

ಒಳಗೆ ದೊರೆ ಗದ್ದಿಗೆಯ ಮೇಲಿದ್ದ, ಪುಟ್ಟಮ್ಮಣ್ಣಿ ಗೋಡೆಗೊರಗಿ ಕೂತಿದ್ದಳು. “ಮೈ ಕಪ್ಪು. ಬಾಯಿಗೆ ಹೋದರೂ ಹಲ್ಲಿಗೆ ಸಿಗಬಾರದು. ದುಡಿಯುವವನಿಗೆ ಬಲ, ಅರಮನೆಗೆ ಬರಲು ನಾಚಿಕೆ. ಏನದು?”

ಪಕ್ಕದ ಸೀಮೆಯ ಪಾಳೇಗಾರನ ಮಗ ನಕ್ಕ. “ಇಷ್ಟೇನಾ? ವೈದ್ಯರ ಗುಳಿಗೆ.”

“ಗುಳಿಗೆ ದಿನಾ ಅರಮನೆಗೆ ಬರುತ್ತೆ.”

ಅವನನ್ನು ಎಳೆದೊಯ್ದರು. ಹೊರಗೆ ಒಂದು ಕೂಗು ಕೇಳಿಸಿತು. ಆಮೇಲೆ ಇಲ್ಲ.

ಬೊಮ್ಮ ಮುಂದೆ ಬಂದ. “ರಾಗಿಮುದ್ದೆ, ಅಮ್ಮಣ್ಣೀ. ಅಗಿದರೆ ಹಲ್ಲಿಗಂಟುತ್ತೆ, ನುಂಗಬೇಕು. ಬಡವರ ಊಟ ಅಂತ ದೊಡ್ಡೋರು ತರಿಸಲ್ಲ.”

ಅವಳು ತಲೆಯಾಡಿಸಿದಳು. “ಬಿತ್ತಿದವರಿಲ್ಲ, ನೀರು ಕಟ್ಟಿದವರಿಲ್ಲ. ಕೆಲವರು ಕಿತ್ತು ಎಸೀತಾರೆ, ಕೆಲವರು ಕಿತ್ತು ಉಣ್ತಾರೆ.”

ಮಂತ್ರಿಯ ಅಳಿಯ ನುಗ್ಗಿದ. “ಕಲ್ಲು ಕುಟ್ಟೋನೇ, ಜರುಗೋ ಆಕಡೆ. ಅದು ಕಳೆ!”

“ಕಳೆ ಅಂತ ಎಸೆಯೋರು ಅಂತಾರೆ. ಉಣ್ಣೋರು ಏನಂತಾರೆ?”

ಅವನು ಸುತ್ತಲಿನವರ ಮುಖ ನೋಡಿದ. ಅವನನ್ನೂ ಎಳೆದೊಯ್ದರು.

“ಬೆರಕೆ ಸೊಪ್ಪು,” ಅಂದ ಬೊಮ್ಮ. “ಅಣ್ಣೆ, ಗಣಿಕೆ, ಹೊನಗೊನ್ನೆ. ಯಾವುದು ಸೊಪ್ಪು, ಯಾವುದು ಕಳೆ ಅಂತ ಬದುವಿನ ಮೇಲೆ ಕರಕೊಂಡು ಹೋಗಿ ಯಾರಾದರೂ ತೋರಿಸಬೇಕು. ತೋರಿಸೋರಿಲ್ಲದ ಮನೇಲಿ ಎಲ್ಲಾ ಕಳೇನೇ.”

“ನಮ್ಮವ್ವ ತೋರಿಸಿದ್ದಳು,” ಅಂದಳು ಪುಟ್ಟಮ್ಮಣ್ಣಿ. ಮೂರನೆಯದನ್ನು ಕೇಳಿದಳು. “ಮುದ್ದೆ ಇದೆ. ಸೊಪ್ಪಿನ ಸಾರಿದೆ. ಹಸಿವೂ ಇದೆ. ಒಂದು ಮಾತ್ರ ಇಲ್ಲ. ಅದು ಒಲೆಯಲ್ಲಿ ಬೇಯದು, ತಟ್ಟೆಯಲ್ಲಿ ಕಾಣದು. ಅದಿಲ್ಲದೆ ತುತ್ತು ಇಳಿಯದು. ಏನದು?”

ತಲೆ ಕಡಿಯುವ ತಳವಾರ ಬಾಗಿಲಲ್ಲಿ ಕತ್ತಿ ಒರೆಸಿದ.

“ನನ್ನ ಹೆಂಡ್ತಿ ಕಾಯಿಲೆ ಬಿದ್ದಳು,” ಅಂದ ಬೊಮ್ಮ. “ಬೆಳಿಗ್ಗೆ ಮುದ್ದೆ ಕಟ್ಟಿ, ಸಾರು ಮುಚ್ಚಿಟ್ಟು ಕೆಲಸಕ್ಕೆ ಹೋಗ್ತಿದ್ದೆ. ಸಂಜೆ ಬಂದರೆ ಇಟ್ಟದ್ದು ಇಟ್ಟ ಹಾಗೇ. ಸೊರಗಿ ಸೊರಗಿ ತೀರಿಕೊಂಡಳು. ಮೈಗೆ ಒಳ್ಳೇದು ಅಂತ ಅವಳಿಗೇನು ಗೊತ್ತಿರಲಿಲ್ವಾ? ಗೊತ್ತಿತ್ತು. ಎದುರಿಗೆ ಕೂತು ‘ಉಣ್ಣೇ’ ಅನ್ನೋರು ಇರಲಿಲ್ಲ. ನಾನು ಇರಲಿಲ್ಲ. ಅದೇ, ಅಮ್ಮಣ್ಣೀ. ಉಣ್ಣು ಅನ್ನೋ ಮಾತು.”

ದೊರೆ ತಲೆ ತಗ್ಗಿಸಿದ. ಮೂರು ತಿಂಗಳು ವೈದ್ಯರನ್ನು ಕಳಿಸಿದ್ದ, ಅಡಿಗೆಯವರನ್ನು ಕಳಿಸಿದ್ದ. ತಾನು ಊಟದ ಹೊತ್ತಿಗೆ ಬಂದಿರಲಿಲ್ಲ. ಎದ್ದು ಬಂದು ಮಗಳ ಎದುರು ನೆಲದ ಮೇಲೆ ಕೂತ. ಮುದ್ದೆ ತರಿಸಿ, ಮುರಿದು, ಸಾರಿಗೆ ಅದ್ದಿದ.

“ಉಣ್ಣವ್ವ.”

ಅವಳು ಉಂಡಳು. ಅಳುತ್ತಾ ಉಂಡಳು.

ಬೊಮ್ಮನಿಗೆ ಊರು ಉಂಬಳಿ ಬರೆದುಕೊಟ್ಟರು. ಅವನು ಕೈಮುಗಿದು ಹೊರಟ.

“ಎಲ್ಲಿಗಣ್ಣ?” ಅಂದಳು ಪುಟ್ಟಮ್ಮಣ್ಣಿ. ಇನ್ನೊಂದು ತಟ್ಟೆ ಹಾಕಿಸಿದಳು. “ಕೂತ್ಕೊ. ಉಣ್ಣು.”

ಬೊಮ್ಮ ಕೂತ. ಕೈ ತೊಳೆಯಲು ಕೊಟ್ಟ ನೀರನ್ನು ಹಾಗೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ.

ಆಮೇಲೆ ಉಂಡ.