ಅಧ್ಯಕ್ಷರ ಸ್ಯಾಕ್ಸೊಫೋನು

ಗಣಿ ಕಾಲೊನಿಯ ದರ್ಜಿ ದೇವಸಹಾಯ ಅಕ್ಕಪಕ್ಕದವರನ್ನೆಲ್ಲ ಕಾಡಿ ಬೇಡಿ ಜಾಝ್ ಬ್ಯಾಂಡ್ ಕಟ್ಟಿದ. ಮೊದಲ ಕಛೇರಿಯ ಸಂಜೆ ಕಾಲೊನಿ ಸಂಘದ ಅಧ್ಯಕ್ಷ ಬಚ್ಚಪ್ಪ ಸಂಘದ ಹಾಲ್‌ನ ಬೀಗದಕೈ ಕುಣಿಸುತ್ತ ಬಂದ.

"ಸ್ಯಾಕ್ಸೊಫೋನ್ ಹಿಡ್ಕೊಂಡು ಮುಂದೆ ನಾನು ನಿಲ್ತೀನಿ ಕಣಯ್ಯ. ನೀವು ಹಿಂದೆ ಊದ್ಕೊಳ್ರಿ. ಇಲ್ದಿದ್ರೆ ಬಾಗಿಲೇ ತೆಗೆಯಲ್ಲ."

"ನಿಮಗಿಂತ ಯಾರಿದ್ದಾರೆ ಸ್ವಾಮಿ!" ಅಂದ ದೇವಸಹಾಯ, ತನ್ನ ವಾದ್ಯವನ್ನೇ ಅವನ ಕೊರಳಿಗೆ ಹಾಕಿದ.

ಬ್ಯಾಂಡ್ ಮೊಳಗಿತು. ಬಚ್ಚಪ್ಪ ಕೆನ್ನೆ ಉಬ್ಬಿಸಿದ್ದೇನು, ಸೊಂಟ ತಿರುಗಿಸಿದ್ದೇನು! ಜಾಝ್‌ನಲ್ಲಿ ನಡುವೆ ಎಲ್ಲರೂ ಸುಮ್ಮನಾಗಿ ಮುಂದೆ ನಿಂತವನೊಬ್ಬನಿಗೇ ನುಡಿಸಲು ಬಿಡುವ ಪದ್ಧತಿಯಿದೆ. ದೇವಸಹಾಯ ಕೈ ಎತ್ತಿದ. ಎಲ್ಲರೂ ನಿಲ್ಲಿಸಿದರು. ಬಚ್ಚಪ್ಪನ ವಾದ್ಯದಿಂದ ಬಂದದ್ದು ಬರೀ ಉಸಿರು.

"ನಿಮ್ಮ ಸರದಿ ಸ್ವಾಮಿ, ಊದಿ" ಅಂದ ದೇವಸಹಾಯ. ಜನ ಬಿದ್ದು ಬಿದ್ದು ನಕ್ಕರು.

ಮರುದಿನ ಬ್ಯಾಂಡಿನವರೇ ಬಚ್ಚಪ್ಪನ ಕಾಲು ಹಿಡಿದು, ದೇವಸಹಾಯನನ್ನು ಹೊರಗಟ್ಟಿ ಹಾಲ್ ಉಳಿಸಿಕೊಂಡರು. ಹೊಟ್ಟೆ ಹಿಡಿದು ನಕ್ಕಿದ್ದವರೇ ಈಗ, "ದೊಡ್ಡೋರಿಗೆ ಹಾಗೆ ಮಾಡಬಾರದಿತ್ತಪ್ಪ" ಅಂತ ಅವನಿಗೇ ಬುದ್ಧಿ ಹೇಳುತ್ತಾರೆ.